ಉರಿಯುವ ಕಣ್ಣು ಯಾರದು?

ಮನುಷ್ಯನೊಬ್ಬ ಬೀದಿಯ ಮಧ್ಯೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕುಳಿತಿದ್ದಾನೆ. ಅವನ ಕಣ್ಣಿಗೆ ಖಾರದ ದ್ರವ ಬಿದ್ದಿದೆ. ನಿಮ್ಮ ಕೈಯಲ್ಲಿ ಒಂದು ಬಾಟಲಿ ನೀರಿದೆ. ಅವನು ಮೆರವಣಿಗೆಗೆ ಬಂದವನೋ, ಅದನ್ನು ತಡೆಯಲು ಬಂದವನೋ, ಕಲ್ಲು ಎಸೆದವನೋ, ಬಟ್ಟೆ ಕೊಳ್ಳಲು ಬಂದು ಗದ್ದಲದಲ್ಲಿ ಸಿಕ್ಕಿಕೊಂಡವನೋ ನಿಮಗೆ ಗೊತ್ತಿಲ್ಲ. ನೀರು ಹಾಕುವ ಮೊದಲು ಇದನ್ನೆಲ್ಲ ವಿಚಾರಿಸಬೇಕೆ?

ಮನೆಯಲ್ಲಿ ಕುಳಿತು ಕೇಳಿದರೆ ಎಲ್ಲರೂ ಬೇಡ ಎಂದೇ ಹೇಳುತ್ತಾರೆ. ಬೀದಿಗೆ ಇಳಿದಾಗ ಮಾತ್ರ ಉತ್ತರ ಬದಲಾಗುತ್ತದೆ. ಟೋಪಿ, ಶಾಲು, ಖಾಕಿ ಬಟ್ಟೆ, ಕೈಯಲ್ಲಿರುವ ಬಾವುಟ ನಮ್ಮ ಕಣ್ಣಿಗೆ ಮೊದಲು ಬೀಳುತ್ತವೆ, ನೋವು ಆಮೇಲೆ ಕಾಣುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಬೀದಿ ಶಾಂತವಾಗಿರುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಮೆಣಸಿನಕಾಯಿ ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯವರಿಗೆ ಹೊಸದೇನಲ್ಲ. ಜೋಳದ ರೊಟ್ಟಿಯ ಪಕ್ಕದಲ್ಲಿ ಖಾರವಿಲ್ಲದಿದ್ದರೆ ಅದನ್ನು ಊಟವೆಂದು ಯಾರೂ ಕರೆಯುವುದಿಲ್ಲ. ವರ್ಷದ ಖಾರ ಕುಟ್ಟಿಸುವ ದಿನ ಇಡೀ ಓಣಿಯೇ ಸೀನುತ್ತದೆ. ಕುಟ್ಟಿದ ಕೈಯನ್ನು ಎರಡು ಸಲ ತೊಳೆದರೂ ಉರಿ ಹೋಗುವುದಿಲ್ಲವೆಂದು ನಮ್ಮ ಹೆಂಗಸರಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರ ಖಾರ ಕಡಿಮೆ. ಪೆಪ್ಪರ್ ಸ್ಪ್ರೇ ಡಬ್ಬಿಯೊಳಗೆ ಇರುವುದಾದರೋ ಮೆಣಸಿನಕಾಯಿಯ ಖಾರವನ್ನೇ ಹಿಂಡಿ ತೆಗೆದ ಎಣ್ಣೆಯಂಥ ಸಾರ. ಆ ಖಾರದ ಮೂಲವಸ್ತುವಿಗೆ ಕ್ಯಾಪ್ಸೈಸಿನ್ ಎಂದು ಹೆಸರು.

ಈ ವಸ್ತು ಮೈಯಲ್ಲಿ ಮಾಡುವ ಕೆಲಸ ವಿಚಿತ್ರವಾದದ್ದು. ಚರ್ಮದಲ್ಲಿ, ಕಣ್ಣಿನ ಪೊರೆಯಲ್ಲಿ, ಗಂಟಲಿನಲ್ಲಿ ಬಿಸಿಯನ್ನು ಗುರುತಿಸುವ ನರಗಳಿವೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅವು ಮೆದುಳಿಗೆ 'ಸುಡುತ್ತಿದೆ' ಎಂದು ಸುದ್ದಿ ಮುಟ್ಟಿಸುತ್ತವೆ. ಕ್ಯಾಪ್ಸೈಸಿನ್ ತಾಗಿದರೂ ಅವು ಅದೇ ಸುದ್ದಿಯನ್ನು ಕಳಿಸುತ್ತವೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಅಂದರೆ ಬೆಂಕಿ ಇಲ್ಲದಿದ್ದರೂ ಮೈ ಬೆಂಕಿಯನ್ನೇ ಅನುಭವಿಸುತ್ತದೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಮೂಗು ಸುರಿಯುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಹೆಚ್ಚಿನವರಿಗೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಉರಿ ಇಳಿಯುತ್ತದೆ.

ಸಮಸ್ಯೆ ಇಲ್ಲಿಯೇ ಇದೆ. ಲಾಠಿಯ ಏಟು ಬೆನ್ನ ಮೇಲೆ ಬಾಸುಂಡೆ ಉಳಿಸುತ್ತದೆ, ಗುಂಡು ತೂತು ಉಳಿಸುತ್ತದೆ. ಖಾರದ ಉರಿ ಬಹುಪಾಲು ಏನನ್ನೂ ಉಳಿಸುವುದಿಲ್ಲ. ಹಾಗಾಗಿ ಅದನ್ನು ಬಳಸಿದವನಿಗೂ ನೋಡಿದವನಿಗೂ 'ಏನೂ ಆಗಲಿಲ್ಲ, ಹೋಗುತ್ತೆ ಬಿಡಿ' ಎನ್ನುವುದು ಸುಲಭ. ಆದರೆ ಗುರುತು ಉಳಿಯಲಿಲ್ಲವೆಂದ ಮಾತ್ರಕ್ಕೆ ನೋವು ಆಗಲೇ ಇಲ್ಲವೆಂದು ಹೇಳಲಾದೀತೆ? ದಮ್ಮು ಇರುವವರಿಗೆ, ಎಳೆ ಮಕ್ಕಳಿಗೆ, ವಯಸ್ಸಾದವರಿಗೆ ಇದು ಜೀವಕ್ಕೇ ಕುತ್ತಾಗಬಹುದು. ತೀರ ಹತ್ತಿರದಿಂದ ಹೊಡೆದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಗೆ ಗಾಯವಾಗುವುದೂ ಉಂಟು.

ಹಾಗಾದರೆ ಮಾಡಬೇಕಾದದ್ದೇನು? ಇದನ್ನು ಪ್ರತಿಭಟನೆಗೆ ಹೋಗುವವರಷ್ಟೇ ಅಲ್ಲ, ಅಂಗಡಿ ಇಟ್ಟವರು, ಬಸ್ ನಿಲ್ದಾಣದಲ್ಲಿ ಕೆಲಸ ಮಾಡುವವರು, ಶಾಲೆಯ ಮೇಷ್ಟ್ರುಗಳು ಎಲ್ಲರೂ ತಿಳಿದಿರಬೇಕು. ಮೊದಲು ಆ ವ್ಯಕ್ತಿಯನ್ನು ಗಾಳಿಯಾಡುವ ಜಾಗಕ್ಕೆ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಕರೆದುಕೊಂಡು ಹೋಗಬೇಕು. ಅಶ್ರುವಾಯುವಾದರೆ ಅದು ನೆಲಮಟ್ಟದಲ್ಲಿ ತಂಗುತ್ತದೆ, ಎತ್ತರದ ಜಾಗ ಒಳ್ಳೆಯದು. ಕಣ್ಣು ಉಜ್ಜಲು ಬಿಡಬಾರದು. ಉಜ್ಜಿದಷ್ಟೂ ಖಾರ ಒಳಗೆ ಹರಡುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಬೇಕು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಕೆಳಗಿರುವ ಕಣ್ಣಿಗೆ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ ಶುದ್ಧ ನೀರನ್ನು ಧಾರಾಳವಾಗಿ, ಹತ್ತು ಹದಿನೈದು ನಿಮಿಷ ಹಾಕಬೇಕು. ರೆಪ್ಪೆ ಬಡಿಯುತ್ತಿರಲು ಹೇಳಬೇಕು. ಇನ್ನೊಂದು ಕಣ್ಣಿಗೂ ಹಾಗೆಯೇ. ಖಾರ ಎಣ್ಣೆಯಂತೆ ಅಂಟುವುದರಿಂದ ಮುಖ, ಕತ್ತು, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು, ಆದರೆ ಸಾಬೂನು ಕಣ್ಣಿಗೆ ಹೋಗಬಾರದು. ಬಟ್ಟೆ ತೊಯ್ದಿದ್ದರೆ ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ನೆರವು ನೀಡುವವರು ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ತಮ್ಮ ಮುಖ ಮುಟ್ಟಿಕೊಳ್ಳದೆ ಇರಬೇಕು. ಉಸಿರಾಟ ಕಷ್ಟವಾಗುತ್ತಿದ್ದರೆ, ಎದೆ ಹಿಡಿದಂತಾದರೆ, ದೃಷ್ಟಿ ಮಸುಕಾಗಿಯೇ ಉಳಿದರೆ, ಒಂದು ಗಂಟೆಯ ಮೇಲೂ ಉರಿ ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಬೆಣ್ಣೆ, ತುಪ್ಪ, ಟೂತ್ ಪೇಸ್ಟ್, ನಿಂಬೆರಸ, ಈರುಳ್ಳಿ ಎಂದು ಊರಿಗೊಂದು ಮದ್ದು ಹೇಳುವವರಿದ್ದಾರೆ. ಇವನ್ನು ಯಾವುದನ್ನೂ ಕಣ್ಣಿಗೆ ಹಾಕಬಾರದು. ಎಣ್ಣೆಯ ಅಂಶ ಖಾರವನ್ನು ಚರ್ಮಕ್ಕೆ ಇನ್ನಷ್ಟು ಅಂಟಿಸುತ್ತದೆ. ಹಾಲಿನ ಬಗ್ಗೆ ಬಹಳ ಜನಕ್ಕೆ ನಂಬಿಕೆ ಇದೆ. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸ್ವಯಂಸೇವಕರ ಮುಖಕ್ಕೆ ಖಾರ ತಾಗಿಸಿ ಕೆಲವರಿಗೆ ಹಾಲು, ಕೆಲವರಿಗೆ ಮಕ್ಕಳ ಶಾಂಪೂ, ಕೆಲವರಿಗೆ ಹೊಟ್ಟೆಯುರಿಯ ಔಷಧಿ, ಕೆಲವರಿಗೆ ಮರಗಟ್ಟಿಸುವ ಜೆಲ್, ಉಳಿದವರಿಗೆ ಬರೀ ನೀರು ಕೊಟ್ಟು ನೋಡಿದರು. ನೋವು ಇಳಿದ ಬಗೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವನ್ನು ಇಳಿಸಿದ್ದು ಮುಖ್ಯವಾಗಿ ಹೊತ್ತು. ಹಾಲು ಕ್ರಿಮಿರಹಿತವೂ ಅಲ್ಲ, ಗಾಯವಾದ ಕಣ್ಣಿಗೆ ಅದು ಅಪಾಯ. ನೀರೇ ಸಾಕು.

ಹೀಗಿದ್ದ ಮೇಲೆ ನೆರವು ನೀಡುವವನು ನಿಜವಾಗಿ ಕೊಡುವುದಾದರೂ ಏನನ್ನು? ಯಾವುದೇ ವಿಶೇಷ ಮದ್ದನ್ನಲ್ಲ. ಅವನು ನೀರು ಕೊಡುತ್ತಾನೆ, ಹೊತ್ತು ಕಳೆಯುವ ತನಕ ಜೊತೆಗಿರುತ್ತಾನೆ. ಕಣ್ಣು ಕಾಣದೆ ಗಾಬರಿಗೊಂಡವನ ಕೈ ಹಿಡಿದು 'ಇದು ಇಳಿಯುತ್ತದೆ, ನಾನು ಇಲ್ಲೇ ಇದ್ದೇನೆ' ಎಂದು ಹೇಳುತ್ತಾನೆ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಖಾರ ಬಿದ್ದವನಿಗೆ ತನ್ನ ಕೈ ಹಿಡಿದವನು ಯಾರೆಂದು ಕಾಣುವುದಿಲ್ಲ. ಅವನ ಗಡ್ಡ ಕಾಣದು, ಹಣೆಯ ವಿಭೂತಿ ಕಾಣದು, ಅಂಗಿಯ ಬಣ್ಣ ಕಾಣದು. ಅವನು ಬಂದ ಕೈಯನ್ನು ನಂಬಲೇಬೇಕು. ಯಾರು, ಎತ್ತ ಎಂದು ನೋಡುವ ಸೌಲಭ್ಯ ಇರುವುದು ನೆರವು ನೀಡುವವನಿಗೆ ಮಾತ್ರ. ಆದ್ದರಿಂದ ಭೇದ ಮಾಡುವ ಅಥವಾ ಮಾಡದಿರುವ ಹೊಣೆಯೂ ಅವನೊಬ್ಬನದೇ. ಕಣ್ಣು ಕಳೆದುಕೊಂಡವನು ಭೇದವಿಲ್ಲದೆ ನಂಬಿರುವಾಗ ಕಣ್ಣಿದ್ದವನು ಭೇದ ಎಣಿಸಿದರೆ ಅದು ಆ ನಂಬಿಕೆಗೆ ಬಗೆದ ದ್ರೋಹವೇ ಅಲ್ಲವೆ?

ಇದಕ್ಕೆ ಎರಡು ಆಕ್ಷೇಪಗಳಿವೆ. ಎರಡನ್ನೂ ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ.

ಮೊದಲನೆಯದು ಹಿರಿಯರು ಹೇಳುವ ಆಕ್ಷೇಪ. ಇಂಥ ಪ್ರಥಮ ಚಿಕಿತ್ಸೆಯನ್ನು ಹುಡುಗರಿಗೆ ಕಲಿಸಿದರೆ ಅವರನ್ನು ಗಲಭೆಗೆ ಸಿದ್ಧ ಮಾಡಿದಂತಾಗುವುದಿಲ್ಲವೇ? ಉರಿಗೆ ಮದ್ದು ಗೊತ್ತಿದ್ದರೆ ಉರಿಯ ಭಯ ಹೋಗುತ್ತದಲ್ಲ? ಅಗ್ನಿಶಾಮಕ ದಳ ಇದೆಯೆಂದು ಯಾರೂ ಮನೆಗೆ ಬೆಂಕಿ ಇಟ್ಟುಕೊಳ್ಳುವುದಿಲ್ಲ ಎಂಬುದು ಇದಕ್ಕೆ ಸುಲಭದ ಉತ್ತರ. ಆದರೆ ಆಕ್ಷೇಪದಲ್ಲಿ ಒಂದು ಸತ್ಯಾಂಶವೂ ಇದೆ. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಕಲ್ಲು ಹಿಡಿದವನು ನೆರವು ನೀಡುವವನಲ್ಲ. ಹೊಗೆಯುಗುಳುವ ಶೆಲ್ಲನ್ನು ಹೆಕ್ಕಿ ತಿರುಗಿ ಎಸೆಯುವುದು ಪ್ರಥಮ ಚಿಕಿತ್ಸೆಯಲ್ಲ, ಅದು ಕೈ ಸುಡುವ ಕೆಲಸವೂ ಹೌದು. ನೀರು ಹಿಡಿದವನು ಆ ಹೊತ್ತಿಗೆ ಘೋಷಣೆಯನ್ನು ಬಿಟ್ಟಿರಬೇಕು. ಅವನ ಅಭಿಪ್ರಾಯ ಅವನಿಗಿರಲಿ, ಆದರೆ ಅವನ ಕೈ ಯಾವ ಪಕ್ಷಕ್ಕೂ ಸೇರಿರಬಾರದು. ಈ ಶಿಸ್ತನ್ನು ಕಲಿಸಿದರೆ ಹುಡುಗರು ಗಲಭೆಗೆ ಹತ್ತಿರವಾಗುವುದಿಲ್ಲ, ದೂರವಾಗುತ್ತಾರೆ.

ಅಲ್ಲದೆ ಈ ಉರಿ ಗಲಭೆ ಮಾಡಿದವರನ್ನೇ ಹುಡುಕಿಕೊಂಡು ಹೋಗುವುದಿಲ್ಲ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಅಂದು ಸಂಜೆಯ ಹೊತ್ತಿಗೆ ಕೇಂದ್ರ ಸರಕಾರ ಆ ನಿಯಮವನ್ನೇ ಹಿಂದಕ್ಕೆ ಪಡೆಯಿತು. ಬಸ್ಸಿಗೆ ಬೆಂಕಿ ಇಟ್ಟವರು ಬೆರಳೆಣಿಕೆಯಷ್ಟು ಇರಬಹುದು. ಹೊಗೆ ಮಾತ್ರ ತನ್ನ ದುಡಿಮೆಯ ಹಣ ಕೇಳಲು ಬಂದವಳ ಕಣ್ಣನ್ನೂ ಹೊಕ್ಕಿತು, ದಾರಿಹೋಕನ ಕಣ್ಣನ್ನೂ ಹೊಕ್ಕಿತು, ಬಂದೋಬಸ್ತಿಗೆ ನಿಂತ ಪೇದೆಯ ಕಣ್ಣನ್ನೂ ಹೊಕ್ಕಿತು. ಹೊಗೆಗೆ ಅಪರಾಧಿ ಯಾರೆಂದು ತಿಳಿಯದು. ಆದ್ದರಿಂದ ಅದರಿಂದ ನರಳುವವನನ್ನು ಅಪರಾಧಿ ಎಂದು ಮೊದಲೇ ತೀರ್ಮಾನಿಸುವುದು ತಪ್ಪಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಮ್ಮ ಮೇಲೆ ಕೈ ಮಾಡಿದವನಿಗೂ ನಾವು ನೀರು ಕೊಡಬೇಕೆ? ಆಗ ಅನ್ಯಾಯವನ್ನು ಮರೆತಂತಾಗುವುದಿಲ್ಲವೆ?

ಈ ಮಾತನ್ನು ಆಡುವವರು ಎರಡು ಕೆಲಸಗಳನ್ನು ಒಂದಕ್ಕೊಂದು ಬೆರೆಸುತ್ತಿದ್ದಾರೆ. ಕಣ್ಣು ತೊಳೆಯುವುದು ಒಂದು ಕೆಲಸ, ಕ್ಷಮಿಸುವುದು ಇನ್ನೊಂದು. ನಮ್ಮ ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ವೈದ್ಯರ ಕರ್ತವ್ಯವನ್ನು ಬಿಡಿಸಿ ಹೇಳಿತು. ಗಾಯಗೊಂಡು ಬಂದವನು ನಿರಪರಾಧಿಯಾಗಲಿ, ಅಪರಾಧಿಯಾಗಲಿ, ಮೊದಲು ಜೀವ ಉಳಿಸಬೇಕು, ಕಾನೂನಿನ ವಿಧಿವಿಧಾನ ನಂತರದ್ದು ಎಂಬುದು ಅದರ ತಾತ್ಪರ್ಯ. ಅಪರಾಧಿಯನ್ನು ಬಿಟ್ಟುಬಿಡಿ ಎಂದು ನ್ಯಾಯಾಲಯ ಹೇಳಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದಷ್ಟೇ ಹೇಳಿತು. ಕಣ್ಣು ತೊಳೆದ ಮೇಲೂ ದೂರು ಕೊಡಬಹುದು, ಸಾಕ್ಷಿ ಹೇಳಬಹುದು, ಮೊಕದ್ದಮೆ ನಡೆಸಬಹುದು. ಬದಲಿಗೆ ನೀರನ್ನೇ ತಡೆಹಿಡಿದರೆ ನ್ಯಾಯಾಧೀಶರು ವಿಚಾರಣೆ ಮಾಡಿ ಕೊಡಬೇಕಾದ ಶಿಕ್ಷೆಯನ್ನು ನಾವೇ ವಿಚಾರಣೆಯಿಲ್ಲದೆ ಕೊಟ್ಟಂತಾಗುತ್ತದೆ.

ಖಾರ ಎರಚಿದವರ ಹೊಣೆ ಏನು ಎಂಬುದನ್ನೂ ಇಲ್ಲಿ ಕೇಳಬೇಕು. 2014ರ ಫೆಬ್ರವರಿ 13ರಂದು ನಮ್ಮ ನೆರೆಯ ತೆಲಂಗಾಣ ರಾಜ್ಯದ ರಚನೆಗಾಗಿ ಲೋಕಸಭೆಯಲ್ಲಿ ಮಸೂದೆ ಮಂಡನೆಯಾದಾಗ ವಿಜಯವಾಡದ ಸಂಸದ ಎಲ್. ರಾಜಗೋಪಾಲ್ ಸದನದೊಳಗೇ ಪೆಪ್ಪರ್ ಸ್ಪ್ರೇ ಸಿಂಪಡಿಸಿದರು. ಸಂಸದರು ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೊರಗೆ ಓಡಿದರು, ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆತ್ಮರಕ್ಷಣೆಗಾಗಿ ಹಾಗೆ ಮಾಡಿದ್ದಾಗಿ ಅವರು ಹೇಳಿಕೊಂಡರು. ಅಂದು ಆ ಸದನದಲ್ಲಿ ಖಾರ ಆಂಧ್ರದವರು, ತೆಲಂಗಾಣದವರು, ಆಡಳಿತ ಪಕ್ಷದವರು, ವಿರೋಧ ಪಕ್ಷದವರು ಎಂದು ನೋಡಲಿಲ್ಲ. ಕಾನೂನು ಮಾಡುವವರು ಬೀದಿಯ ಜನರ ಉರಿಯನ್ನು ಕೆಲವು ನಿಮಿಷವಾದರೂ ತಮ್ಮ ಕಣ್ಣಲ್ಲೇ ಕಂಡರು.

ಆತ್ಮರಕ್ಷಣೆ ಎಂಬ ಮಾತಿಗೆ ಅರ್ಥವಿದೆ. ರಾತ್ರಿ ಕೆಲಸ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಹುಡುಗಿ ಚೀಲದಲ್ಲಿ ಆ ಡಬ್ಬಿ ಇಟ್ಟುಕೊಳ್ಳುತ್ತಾಳೆ. ಮೈಮೇಲೆ ಬಿದ್ದವನಿಗೆ ಅದನ್ನು ಹೊಡೆದು ಓಡಿಹೋದರೆ ಅವಳು ಮಾಡಿದ್ದು ಸರಿ. ನಿಂತು ಅವನ ಕಣ್ಣು ತೊಳೆಯಬೇಕಿತ್ತು ಎಂದು ಅವಳಿಗೆ ಯಾರೂ ಹೇಳಲಾಗದು. ಅವಳ ಮೊದಲ ಕರ್ತವ್ಯ ತನ್ನನ್ನು ಉಳಿಸಿಕೊಳ್ಳುವುದು. ಅವನಿಗೆ ನೀರು ಕೊಡುವ ಕೆಲಸ ದಾರಿಯಲ್ಲಿ ಹೋಗುವ ಬೇರೆಯವರದು, ಪೊಲೀಸರಿಗೆ ಒಪ್ಪಿಸುವ ಕೆಲಸವೂ ಅವರದೇ. ಆದರೆ ಅಂಥ ಅಪಾಯವಿಲ್ಲದ ಕಡೆ ಜಗಳದ ಸಿಟ್ಟಿಗೆ ಸಿಂಪಡಿಸಿದರೆ ಅದು ಆತ್ಮರಕ್ಷಣೆಯಾಗುವುದಿಲ್ಲ. ಕರ್ನಾಟಕ ಹೈಕೋರ್ಟ್ 2024ರಲ್ಲಿ ಇಂಥ ಒಂದು ಪ್ರಕರಣವನ್ನು ರದ್ದು ಮಾಡಲು ಒಪ್ಪದೆ, ಪೆಪ್ಪರ್ ಸ್ಪ್ರೇ ಅಪಾಯಕಾರಿ ಆಯುಧವಾಗಬಲ್ಲದು ಎಂದಿತು.

ಸರಕಾರದ ಸ್ಥಿತಿ ಆ ಹುಡುಗಿಯದಲ್ಲ. ಪೊಲೀಸರು ಒಬ್ಬಂಟಿಗರಲ್ಲ, ಓಡಿಹೋಗಬೇಕಾದವರೂ ಅಲ್ಲ. ಗುಂಪು ಚದುರಿದ ಮೇಲೆ ಬೀದಿ ಅವರ ವಶದಲ್ಲೇ ಇರುತ್ತದೆ, ವಾಹನ ಇರುತ್ತದೆ, ನೀರೂ ಇರುತ್ತದೆ. ಬಲ ಹೆಚ್ಚಿದ್ದವನಿಗೆ ಹೊಣೆಯೂ ಹೆಚ್ಚು. ವಿಶ್ವಸಂಸ್ಥೆ 1990ರಲ್ಲಿ ರೂಪಿಸಿದ ಬಲಪ್ರಯೋಗದ ಮೂಲತತ್ವಗಳಲ್ಲಿ, ಗಾಯಗೊಂಡವರಿಗೆ ಆದಷ್ಟು ಬೇಗ ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳುವುದು ಬಲ ಪ್ರಯೋಗಿಸಿದ ಅಧಿಕಾರಿಗಳ ಕರ್ತವ್ಯ ಎಂದಿದೆ. ಇನ್ನೊಂದು ಸೋಜಿಗವನ್ನೂ ನೋಡಿ. 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಶತ್ರು ಸೈನಿಕರ ಮೇಲೆ ಅಶ್ರುವಾಯು ಬಳಸುವಂತಿಲ್ಲ. ಊರೊಳಗೆ ಕಾನೂನು ಪಾಲನೆಗೆ ಬಳಸಬಹುದು. ಶತ್ರುವಿನ ಮೇಲೆ ಹಾಕಬಾರದ್ದನ್ನು ತನ್ನ ಪ್ರಜೆಯ ಮೇಲೆ ಹಾಕುವ ಅನುಮತಿ ಪಡೆದ ಸರಕಾರ, ಆ ಪ್ರಜೆಯ ಕಣ್ಣು ತೊಳೆಯುವ ಹೊಣೆಯನ್ನಾದರೂ ಹೊರಬೇಡವೆ?

ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ದಿನ ಇಬ್ಬರು ಪೊಲೀಸ್ ಗುಂಡಿಗೆ ಬಲಿಯಾದರು. ಗಾಯಾಳುಗಳನ್ನು ಕರೆತಂದ ಆಸ್ಪತ್ರೆಯ ಒಳಗೆ ಪೊಲೀಸರು ಬಾಗಿಲು ಒದೆಯುವ ಸಿಸಿಟಿವಿ ದೃಶ್ಯಗಳನ್ನು ಇಡೀ ನಾಡು ನೋಡಿತು. ಅಶ್ರುವಾಯು ಆಸ್ಪತ್ರೆಯವರೆಗೂ ಬಂತೆಂದು ಆಗ ವರದಿಯಾಯಿತು. ಕಲ್ಲು ತೂರಿದವರು ಆಸ್ಪತ್ರೆಯೊಳಗೆ ಹೊಕ್ಕಿದ್ದರು ಎಂಬುದು ಪೊಲೀಸರ ವಾದವಾಗಿತ್ತು. ಅದು ನಿಜವೆಂದೇ ಇಟ್ಟುಕೊಳ್ಳೋಣ. ಆದರೂ ಮಂಚದ ಮೇಲೆ ಮಲಗಿದ ರೋಗಿಗೆ ಎದ್ದು ಓಡಲು ಬರುವುದಿಲ್ಲ. ಗಾಯಾಳುವಿಗೆ ನೀರು ಸಿಗಬೇಕಾದ ಕಟ್ಟಕಡೆಯ ಜಾಗವೇ ಉರಿಯ ಜಾಗವಾದರೆ ಅವನು ಇನ್ನೆಲ್ಲಿಗೆ ಹೋಗಬೇಕು?

ಶತ್ರುವಿಗೆ ನೀರು ಕೊಡುವುದು ನಮ್ಮ ನೆಲಕ್ಕೆ ಹೊರಗಿನಿಂದ ಬಂದ ವಿಚಾರವೇನೂ ಅಲ್ಲ. ಬೀದರಿನ ನಾನಕ್ ಝೀರಾದಲ್ಲಿ ಕುಡಿಯುವ ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಗುರುನಾನಕರು ಬಂಡೆಯ ಕೆಳಗಿಂದ ಸಿಹಿನೀರು ಹರಿಸಿದರೆಂಬ ನಂಬಿಕೆಯಿದೆ. ಆ ನೀರನ್ನು ಇಂದಿಗೂ ಎಲ್ಲ ಜಾತಿಧರ್ಮದವರು ಕುಡಿಯುತ್ತಾರೆ. ಅದೇ ಸಿಖ್ಖರ ಪರಂಪರೆಯಲ್ಲಿ ಭಾಯಿ ಕನ್ಹಯ್ಯ ಎಂಬವರ ಕಥೆಯಿದೆ. ಆನಂದಪುರದ ಕಾಳಗದಲ್ಲಿ ಅವರು ತಮ್ಮವರ ಜೊತೆ ಶತ್ರು ಪಕ್ಷದ ಗಾಯಾಳುಗಳಿಗೂ ನೀರು ಕುಡಿಸುತ್ತಿದ್ದರಂತೆ. ದೂರು ಗುರು ಗೋವಿಂದ ಸಿಂಗರ ಬಳಿಗೆ ಹೋಯಿತು. ಗುರುಗಳು ಅವರನ್ನು ಗದರಲಿಲ್ಲ, ಇನ್ನು ಮೇಲೆ ಗಾಯಕ್ಕೆ ಹಚ್ಚಲು ಮುಲಾಮನ್ನೂ ಒಯ್ಯಿ ಎಂದು ಕೊಟ್ಟರಂತೆ. ಗುರುಗಳು ಯುದ್ಧವನ್ನು ಬಿಡಲಿಲ್ಲ, ನೀರನ್ನೂ ನಿಲ್ಲಿಸಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಊರುಗಳಲ್ಲಿ ಮೊಹರಂ ದಿನಗಳಲ್ಲಿ ಇಡುವ ಸಬೀಲಿನ ನೀರನ್ನೂ ಯಾರು ಏನೆಂದು ಕೇಳಿ ಕೊಡುವ ಪದ್ಧತಿಯಿಲ್ಲ.

ಈ ಸೀಮೆಗೆ ಇದರ ಇನ್ನೊಂದು ಪಾಠವೂ ಆಗಿದೆ, ಅದು ಕಹಿಯಾದದ್ದು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾ ಗ್ರಾಮದಲ್ಲಿ ರಜಾಕಾರರು ಹಿಂದೂಗಳ ಕೊಲೆ ನಡೆಸಿದರು. ಅದೇ ವರ್ಷ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರ ಕೊಲೆಯಾಯಿತು. ಎರಡೂ ಸಲ ಬೀದಿಯಲ್ಲಿದ್ದವರು 'ಇವನು ಯಾರು' ಎಂಬ ಪ್ರಶ್ನೆಯನ್ನೇ ಮೊದಲು ಕೇಳಿದರು. ಆದರೆ ಪಂಡಿತ ಸುಂದರಲಾಲ್ ಸಮಿತಿಯ ವರದಿಯಲ್ಲಿ ಇನ್ನೊಂದು ಮಾತೂ ದಾಖಲಾಗಿದೆ. ಹಿಂದೂ ನೇಕಾರರು ತಮ್ಮ ಜೀವವನ್ನೇ ಪಣವಿಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದ್ದನ್ನು ಅದು ಹೇಳುತ್ತದೆ. ಆ ನೇಕಾರರು ಎದುರಿಗಿದ್ದವನ ಧರ್ಮವನ್ನು ಅರಿಯದವರೇನಲ್ಲ. ಅರಿತೂ ಅದನ್ನು ಆಮೇಲಿನ ಮಾತೆಂದು ಬದಿಗಿಟ್ಟರು.

ನೀರು ಒಂದೇ ಬಾಟಲಿ ಇದ್ದು ನರಳುವವರು ಇಬ್ಬರಿದ್ದರೆ ಏನು ಮಾಡಬೇಕು? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಆಗ ಆಯ್ಕೆ ಮಾಡಲೇಬೇಕು. ಉಸಿರಾಡಲು ಹೆಚ್ಚು ಕಷ್ಟಪಡುತ್ತಿರುವವನು ಯಾರು, ಮಗು ಯಾರು, ಗರ್ಭಿಣಿ ಯಾರು ಎಂಬುದೇ ಆ ಆಯ್ಕೆಯ ಅಳತೆಯಾಗಬೇಕು. ಅಲ್ಲಿ ನಮ್ಮವನು ಹಿಂದೆ ಉಳಿದು ಬೇರೆಯವನು ಮುಂದೆ ಬರಬಹುದು. ಅದನ್ನು ಒಪ್ಪುವ ಮನಸ್ಸನ್ನು ಬೀದಿಯಲ್ಲಿ ನಿಂತು ತಯಾರು ಮಾಡಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಮೊದಲೇ ಅಭ್ಯಾಸ ಬೇಕು.

ಆ ಅಭ್ಯಾಸಕ್ಕೆ ದೊಡ್ಡ ಖರ್ಚೇನೂ ಬೇಡ. ಬಸವಕಲ್ಯಾಣದ, ಹುಮನಾಬಾದಿನ ಮಸೀದಿ, ಮಠ, ಮಂದಿರಗಳಲ್ಲಿ, ಕಾಲೇಜುಗಳಲ್ಲಿ, ಆಟೋ ಚಾಲಕರ ಸಂಘಗಳಲ್ಲಿ ವರ್ಷಕ್ಕೊಮ್ಮೆ ಒಬ್ಬ ವೈದ್ಯರನ್ನೋ ದಾದಿಯನ್ನೋ ಕರೆಸಿ ಅರ್ಧ ಗಂಟೆ ಹೇಳಿಸಿದರೆ ಸಾಕು. ಎಲ್ಲ ಓಣಿಯ ಹುಡುಗರನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬ ಕಣ್ಣು ಮುಚ್ಚಿ ತಲೆ ವಾಲಿಸಲಿ, ಇನ್ನೊಬ್ಬ ಲೋಟದಿಂದ ನಿಧಾನವಾಗಿ ನೀರು ಹರಿಸಲಿ. ಆಮೇಲೆ ಜಾಗ ಬದಲಿಸಿಕೊಳ್ಳಲಿ. ಬಂದೋಬಸ್ತಿಗೆ ಬರುವ ಪೊಲೀಸರನ್ನೂ ಆ ತರಬೇತಿಗೆ ಕರೆಯಬೇಕು. ಮೆರವಣಿಗೆ ಹೊರಡಿಸುವವರು ಬ್ಯಾನರು, ಮೈಕುಗಳ ಜೊತೆಗೆ ನಾಲ್ಕು ಕ್ಯಾನ್ ಶುದ್ಧ ನೀರನ್ನೂ ಲೆಕ್ಕಕ್ಕೆ ಸೇರಿಸಲಿ. ಅನುಮತಿ ಕೊಡುವ ಅಧಿಕಾರಿಗಳು ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿಸಲಿ. ಆ ನೀರು ಬಳಕೆಯಾಗದೆ ಹಾಗೇ ವಾಪಸು ಬಂದರೆ ಸಂತೋಷ, ಮನೆಯ ಗಿಡಗಳಿಗೆ ಹಾಕಿದರಾಯಿತು.